ಮರವಿಲ್ಲದ ಬಯಲಿನಲ್ಲಿ ಒಂದು ಹಗಲು



ಆಸ್ಟ್ರೇಲಿಯ ಖಂಡದ ದಕ್ಷಿಣದಂಚಿನಲ್ಲಿ, ಸೆಡುನಾ ಎಂಬ ಊರಿನಿಂದ ಪಶ್ಚಿಮದ ನಾರ್ಸ್‌ಮನ್‌ವರೆಗೆ ಸುಮಾರು 1200 ಕಿಲೋಮೀಟರು ದೂರದ ಹೆದ್ದಾರಿಯೊಂದಿದೆ. ನಡುವೆ ಊರುಗಳು ಇಲ್ಲವೆನ್ನುವಷ್ಟು ವಿರಳ. ಬಹು ದೂರಕ್ಕೊಂದರಂತೆ ಪೆಟ್ರೋಲು ಬಂಕು, ಅದಕ್ಕೆ ಹೊಂದಿಕೊಂಡಂತೆ ಉಪಾಹಾರಗೃಹ, ತಂಗಲು ಕೆಲವು ಕೋಣೆಗಳು. ಇಷ್ಟನ್ನೇ ಅಲ್ಲಿಯವರು ರೋಡ್‌ಹೌಸ್ ಎನ್ನುತ್ತಾರೆ. ಈ ಬಯಲಿಗೆ ನಲ್ಲಾರ್ಬೋರ್ ಎಂದು ಹೆಸರು. ಅದು ಲ್ಯಾಟಿನ್ ಭಾಷೆಯಿಂದ ಬಂದುದು. ಮರವಿಲ್ಲದ್ದು ಎಂದು ಅರ್ಥ.

ಅಡಿಲೇಡಿನಲ್ಲಿ ನೆಲೆಸಿರುವ ಮಗ-ಸೊಸೆಯರೊಡನೆ ನಾವು ದಂಪತಿಗಳು ಈ ದಾರಿಯಲ್ಲಿ ಕಾರವಾನಿನಲ್ಲಿ ಪ್ರಯಾಣ ಮಾಡಿದೆವು. ಕಾರವಾನು ಎಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಯ ಮನೆ. ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವೂ ಅದರಲ್ಲುಂಟು. ನಲ್ಲಾರ್ಬೋರ್ ರೋಡ್‌ಹೌಸಿನಿಂದ ಮದುರಾವರೆಗಿನ ಸುಮಾರು 380 ಕಿಲೋಮೀಟರು ಆ ದಿನದ ಗುರಿ.

ಅಂದಿನ ಬೆಳಗು ಅಡುಗೆಯಿಂದಲೇ ಆರಂಭವಾಯಿತು. ಪಶ್ಚಿಮ ಆಸ್ಟ್ರೇಲಿಯದ ಗಡಿಯಲ್ಲಿ ತಪಾಸಣೆಯ ಠಾಣೆಯಿದೆ. ಹೊರಗಿನ ಕೀಟ-ರೋಗಗಳು ತಮ್ಮ ಬೆಳೆಗೆ ತಗುಲಬಾರದೆಂದು ಹಣ್ಣು, ಹಸಿ ತರಕಾರಿ, ಜೇನುತುಪ್ಪಗಳನ್ನು ಒಳಗೆ ಬಿಡುವುದಿಲ್ಲ. ಉಳಿದಿದ್ದ ಬದನೆ, ಬೀನ್ಸ್, ಗಜ್ಜರಿಗಳೆಲ್ಲ ಒಂದೇ ಪಲ್ಯವಾದವು. ಶಾಕಾಹಾರಿಗಳಾದ ನಮಗೆ ಮುಂದಿನ ಎರಡು ದಿನ ಅನ್ನ, ಬೇಳೆಸಾರೇ ಗತಿ. ನಮ್ಮ ಮನೆಯವರಿಗೆ ಈ ಕಟ್ಟಳೆ ಬೇಸರ ತಂದರೂ, ರೈತನ ಬೆಳೆಯನ್ನು ಇಷ್ಟು ಎಚ್ಚರದಿಂದ ಕಾಯುವ ಸರಕಾರವನ್ನು ನಾವು ಮೆಚ್ಚಿದೆವು.

ಅನ್ನಕ್ಕಿಂತ ದೊಡ್ಡ ಚಿಂತೆ ನೀರಿನದು. ಬಿದ್ದ ಮಳೆ ಸುಣ್ಣಕಲ್ಲಿನ ನೆಲದಲ್ಲಿ ಇಂಗಿಹೋಗುತ್ತದೆ; ನದಿಯಿಲ್ಲ, ಕೆರೆಯಿಲ್ಲ. ರೋಡ್‌ಹೌಸುಗಳಲ್ಲಿಯೂ ಸಿಹಿನೀರು ದುರ್ಲಭವಾದ್ದರಿಂದ ಪ್ರಯಾಣಿಕರು ತಮ್ಮ ನೀರನ್ನು ತಾವೇ ಹೊರಬೇಕು. ಲಿಂಗಪೂಜೆಯ ಮಜ್ಜನಕ್ಕೆ ಎಷ್ಟು ಅಲ್ಪ ನೀರು ಸಾಕೆಂಬುದು ನಮಗೆ ಅಲ್ಲಿ ತಿಳಿಯಿತು.

ಹೆದ್ದಾರಿಗೆ ಎಡ್ವರ್ಡ್ ಜಾನ್ ಏರ್ ಎಂಬ ಆಂಗ್ಲ ಅನ್ವೇಷಕನ ಹೆಸರಿದೆ. 1841ರಲ್ಲಿ ಆತ ಈ ಕರಾವಳಿಯನ್ನು ಹಾದು ಪಶ್ಚಿಮದ ಆಲ್ಬನಿಯನ್ನು ಮುಟ್ಟಿದನು. ಕುದುರೆಗಳು ಬಾಯಾರಿ ಕಂಗೆಟ್ಟಾಗ, ಮರಳದಿಣ್ಣೆಗಳ ಹಿಂದೆ ಎಲ್ಲಿ ಅಗೆದರೆ ನೀರು ಸಿಗುವುದೆಂದು ತೋರಿಸಿಕೊಟ್ಟವರು ಅಲ್ಲಿನ ಮೂಲನಿವಾಸಿಗಳು. ಬೇರುಗಳಿಂದ ನೀರು ಬಸಿಯುವ ವಿದ್ಯೆಯೂ ಅವರದೇ. ಹುಲ್ಲಿನ ಮೇಲಿನ ಇಬ್ಬನಿಯನ್ನು ಸ್ಪಂಜಿನಲ್ಲಿ ಒತ್ತಿ ಹಿಂಡಿ ಕುಡಿದ ದಿನಗಳೂ ಉಂಟು. ದಾರಿಯಲ್ಲಿ ಬ್ಯಾಕ್ಸ್‌ಟರ್ ಎಂಬ ಸಂಗಾತಿ ಕೊಲೆಯಾದನು. ಜೊತೆಗಿದ್ದ ಇಬ್ಬರು ಹುಡುಗರು ಓಡಿಹೋದರು. ಕೊನೆಯವರೆಗೆ ಏರ್‌ನೊಡನೆ ನಡೆದವನು ವೈಲಿ ಎಂಬ ಮೂಲನಿವಾಸಿ ಯುವಕ. ಇಂದು ಆ ದಾರಿಯಲ್ಲಿ ಸಾಗುವವರಲ್ಲಿ ವೈಲಿಯ ಹೆಸರನ್ನು ಬಲ್ಲವರು ಎಷ್ಟು ಮಂದಿಯೋ! ಬರಿದೆಂದು ಹೊರಗಿನವರು ಹೆಸರಿಟ್ಟ ಈ ನಾಡು ಮಿರ್ನಿಂಗ್ ಜನರಿಗೆ ಅನಾದಿಯಿಂದ ಮನೆಯಾಗಿತ್ತು.

ಎಡಕ್ಕೆ ಸಮುದ್ರದ ಕಡಿದಾದ ಬಂಡೆಗಳನ್ನು ನೋಡಿಕೊಂಡು ಗಡಿ ದಾಟಿದೆವು. ಯೂಕ್ಲಾದಲ್ಲಿ ಗಡಿಯಾರವನ್ನು 45 ನಿಮಿಷ ಹಿಂದಕ್ಕೆ ತಿರುಗಿಸಬೇಕು. ಎರಡು ರಾಜ್ಯಗಳ ವೇಳೆಗಳ ನಡುವೆ ಈ ಪುಟ್ಟ ಸ್ಥಳ ತನ್ನದೇ ವೇಳೆ ಇಟ್ಟುಕೊಂಡಿದೆ. 1877ರಲ್ಲಿ ಇಲ್ಲಿ ಆರಂಭವಾದ ತಂತಿ ಕಚೇರಿಯ ಗೋಡೆಗಳು ಈಗ ಮರಳಿನಲ್ಲಿ ಹೂತು ನಿಂತಿವೆ.

ಈ ಹೆದ್ದಾರಿಯ ಕೆಲವೆಡೆ ರಸ್ತೆಯ ಮೇಲೆಯೇ ವಿಮಾನ ಇಳಿಯುವ ಗುರುತುಗಳಿವೆ. ಅದು ಹಾರುವ ವೈದ್ಯರ ಸೇವೆಗಾಗಿ. ಜಾನ್ ಫ್ಲಿನ್ ಎಂಬ ಕ್ರೈಸ್ತ ಪಾದ್ರಿ 1928ರಲ್ಲಿ ಆರಂಭಿಸಿದ ಈ ಸೇವೆ ಇಂದಿಗೂ ನಡೆದಿದೆ. ರೋಗಿ ಮಠದ ಬಾಗಿಲಿಗೆ ಬರಲಾರದಿದ್ದರೆ ಮಠವೇ ರೋಗಿಯತ್ತ ಹೋಗಬೇಕೆಂದು ಬಗೆದ ಆ ಪಾದ್ರಿಗೆ ನಾವು ಮನದಲ್ಲಿಯೇ ಶರಣೆಂದೆವು.

ಮುಂಡ್ರಬಿಲ್ಲಾ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ಒಂದು ಕಾರವಾನು ನಿಂತಿತ್ತು. ವಯಸ್ಸಾದ ದಂಪತಿಗಳು. ಟೈರು ಒಡೆದಿತ್ತು, ಸಿಡಿದ ಕಲ್ಲೊಂದು ತಗುಲಿ ಟ್ಯಾಂಕಿನ ಕೊಳವೆ ಮುರಿದು ನೀರೆಲ್ಲ ಸೋರಿಹೋಗಿತ್ತು. ಟೈರು ಬದಲಿಸಲು ಮಗ ಕೈಜೋಡಿಸಿದನು. ಆದರೆ ನೀರು? ನಾರ್ಸ್‌ಮನ್ ಇನ್ನೂ ಎರಡು ದಿನದ ದಾರಿ. ನಮ್ಮಲ್ಲಿ ಇದ್ದುದು ನಾಲ್ವರಿಗೆ ಸಾಕಾಗುವಷ್ಟೇ. ಮಗ ಬೆರಳೆಣಿಸಿ ಲೆಕ್ಕ ಹಾಕುತ್ತಿದ್ದನು. ದಾಸೋಹದ ಕುರಿತು ಅನೇಕ ಸಭೆಗಳಲ್ಲಿ ಮಾತನಾಡಿದ ನಾವೂ ಆ ಕ್ಷಣ ಸುಮ್ಮನೆ ನಿಂತಿದ್ದೆವು ಎಂಬುದು ನಿಜ. ಅಷ್ಟರಲ್ಲಿ ಸೊಸೆ ಹತ್ತು ಲೀಟರಿನ ಕ್ಯಾನೊಂದನ್ನು ಇಳಿಸಿ ಅವರ ಬಾಗಿಲಲ್ಲಿ ಇಟ್ಟಾಗಿತ್ತು. “ಪಾತ್ರೆಗಳನ್ನು ಕಾಗದದಲ್ಲಿ ಒರೆಸಿದರಾಯಿತು, ಮಾವ” ಎಂದಳು.

ಸಂಜೆಗೆ ಮುನ್ನ ಮದುರಾ ಸೇರಿದೆವು. ಮುಸ್ಸಂಜೆಯ ಮೇಲೆ ಕಾಂಗರೂಗಳು ರಸ್ತೆಗೆ ನುಗ್ಗುವುದರಿಂದ ಬಲ್ಲವರು ಆ ವೇಳೆ ವಾಹನ ನಡೆಸುವುದಿಲ್ಲ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕಾಗಿ ಇಲ್ಲಿ ಕುದುರೆಗಳನ್ನು ಸಾಕುತ್ತಿದ್ದರೆಂದು ಕೇಳಿ ಅಚ್ಚರಿಯಾಯಿತು.

ಕತ್ತಲಾಗುವ ಹೊತ್ತಿಗೆ ಆ ವೃದ್ಧ ದಂಪತಿಗಳೂ ಬಂದು ತಲುಪಿದರು. ಅಜ್ಜಿ ಕ್ಯಾನನ್ನು ಹಿಂದಿರುಗಿಸಿದರು. ಅದರಲ್ಲಿ ಅರ್ಧದಷ್ಟು ನೀರು ಹಾಗೆಯೇ ಇತ್ತು. ಮುಚ್ಚಳದ ಮೇಲೆ ಒಂದು ಪೊಟ್ಟಣ ಬಿಸ್ಕತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಅವರಿಗೆ ಯಾರು ಹೇಳಿಕೊಟ್ಟರೆಂದು ನಮ್ಮ ಮನೆಯವರು ರಾತ್ರಿಯೆಲ್ಲ ಕೇಳುತ್ತಲೇ ಇದ್ದರು.