ತ್ರೀ ನಾಟ್ ತ್ರೀ ಬಂದೂಕಿನ ಎರಡು ತುದಿ

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಲವು ವರ್ಷ ಒಂದು ಲೆಕ್ಕವಿತ್ತು. ನಾಲ್ಕು ಕಿಲೋ ತೂಕದ ರೈಫಲ್ಲಿನಿಂದ 50 ಗ್ರಾಂ ತೂಕದ ಗುಂಡು ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಹೊರಟರೆ ರೈಫಲ್ ಎಷ್ಟು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ? ಸಂವೇಗ ಸಂರಕ್ಷಣೆಯ ನಿಯಮ ಹಾಕಿದರೆ ಎರಡು ಸಾಲಿನಲ್ಲಿ ಉತ್ತರ ಬರುತ್ತದೆ, ಮಕ್ಕಳಿಗೆ ಪೂರ್ತಿ ಅಂಕವೂ ಬರುತ್ತದೆ. ಆದರೆ ಸೆಕೆಂಡಿಗೆ 35 ಮೀಟರ್ ಎಂದರೆ ಗಂಟೆಗೆ 126 ಕಿಲೋಮೀಟರ್. ನಮ್ಮ ವೇಗದ ಬೌಲರುಗಳ ಕೈಯಿಂದ ಹೊರಟ ಚೆಂಡು ಇದನ್ನು ಹಿಂದೆ ಹಾಕಿ ಹೋಗುತ್ತದೆ. ಅಂಥ ಗುಂಡನ್ನು ಬ್ಯಾಟ್ ಹಿಡಿದು ಬೌಂಡರಿಗೆ ಅಟ್ಟಬಹುದು.

ನಿಜವಾದ ಬಂದೂಕಿನ ಲೆಕ್ಕ ಬೇರೆ. ನಮ್ಮ ದೇಶದ ಸೈನ್ಯ, ಪೊಲೀಸು, ಎನ್‌ಸಿಸಿ ಎಲ್ಲವೂ ದಶಕಗಟ್ಟಲೆ ಹೊತ್ತ .303 ಎನ್‌ಫೀಲ್ಡ್ ರೈಫಲ್ಲನ್ನೇ ತೆಗೆದುಕೊಳ್ಳಿ. ಜನರ ಬಾಯಲ್ಲಿ ಅದು ತ್ರೀ ನಾಟ್ ತ್ರೀ. ತೂಕ ಸುಮಾರು ನಾಲ್ಕು ಕಿಲೋ, ಅಷ್ಟರ ಮಟ್ಟಿಗೆ ಪುಸ್ತಕ ಬರೆದವರು ಸರಿ. ಗುಂಡಿನ ತೂಕ ಮಾತ್ರ 11 ಗ್ರಾಂ ಚಿಲ್ಲರೆ, ನಳಿಗೆಯ ಬಾಯಿ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 740 ಮೀಟರ್. ಶಬ್ದದ ಎರಡರಷ್ಟು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಐದು ಗೆರೆ ಕೊರೆದಿರುತ್ತಾರೆ. ಹತ್ತು ಅಂಗುಲಕ್ಕೆ ಒಂದು ಸುತ್ತು. ಆ ಲೆಕ್ಕದಲ್ಲಿ ಗುಂಡು ಸೆಕೆಂಡಿಗೆ ಎರಡು ಸಾವಿರದ ಒಂಬೈನೂರು ಸುತ್ತು ತಿರುಗುತ್ತ ಹೋಗುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ಬೀಳುವುದಿಲ್ಲವಲ್ಲ, ಗುಂಡು ದಾರಿ ತಪ್ಪದಿರುವುದಕ್ಕೂ ಅದೇ ಕಾರಣ. ಹೆಗಲಿಗೆ ಬರುವ ಒದೆತ ಸೆಕೆಂಡಿಗೆ ಎರಡು ಮೀಟರಿಗೂ ಮಿಕ್ಕಿದ್ದು. ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿಯದವನಿಗೆ ಮಾರನೆಯ ದಿನ ಅಂಗಿ ತೊಡುವುದೂ ಕಷ್ಟ.

ಎಂಬತ್ತರ ದಶಕದಲ್ಲಿ ಕಾಲೇಜು ಓದಿದ ನಮ್ಮಂಥವರಿಗೆ ಈ ಬಂದೂಕಿನ ಪರಿಚಯವಾದದ್ದು ಎನ್‌ಸಿಸಿಯಿಂದ. 1962ರ ಚೀನಾ ಯುದ್ಧದ ಮರುವರ್ಷ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಗಿತ್ತು, 1968ರಲ್ಲಿ ಮತ್ತೆ ಅವರವರ ಇಷ್ಟಕ್ಕೆ ಬಿಟ್ಟರು. ನಾವು ಇಷ್ಟಪಟ್ಟು ಸೇರಿದವರು. ಇಷ್ಟಕ್ಕೆ ಕಾರಣ ದೇಶಭಕ್ತಿಯೊಂದೇ ಅಲ್ಲ, ಪರೇಡು ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಯೂ ಹೌದು. ಕವಾಯತಿಗೆ ಕೊಡುತ್ತಿದ್ದದ್ದು ಜೀವ ತೆಗೆದ ರೈಫಲ್. ಹಾರದಂತೆ ನಳಿಗೆಗೆ ತೂತು ಕೊರೆದಿರುತ್ತಿದ್ದರು, ಒಳಗಿನ ಮೊಳೆ ತೆಗೆದಿರುತ್ತಿದ್ದರು. ಆದರೆ ತೂಕ ತೆಗೆಯಲಾಗುವುದಿಲ್ಲವಲ್ಲ. ಚಿತ್ರಮಂದಿರದಲ್ಲಿ ನಾಯಕ ಒಂದೇ ಕೈಯಲ್ಲಿ ಆಡಿಸುತ್ತಿದ್ದದ್ದನ್ನು ನೋಡಿ ಬಂದ ನಾವು, ‘ಬಾಜೂ ಶಸ್ತ್ರ’ ಎಂದಾಗ ಹೆಗಲಿಗೇರಿಸಿ, ‘ಸಲಾಮಿ ಶಸ್ತ್ರ’ ಎಂದಾಗ ಎದೆಯ ಮುಂದೆ ನೆಟ್ಟಗೆ ಹಿಡಿದು, ಹತ್ತು ನಿಮಿಷದಲ್ಲೇ ಬಿಸಿಲಿಗೆ ಬೆವೆತುಹೋಗುತ್ತಿದ್ದೆವು. ಹಿಡಿಯ ಹಿಂಬದಿಯಲ್ಲಿ ಒಂದು ಹಿತ್ತಾಳೆಯ ಪುಟ್ಟ ಬಾಗಿಲು. ಅದನ್ನು ತೆರೆದರೆ ಒಳಗೆ ಎಣ್ಣೆಯ ಸಣ್ಣ ಕುಪ್ಪಿ, ನಳಿಗೆ ಒರೆಸುವ ದಾರ. ದಾರಕ್ಕೆ ಸಿಕ್ಕಿಸುವ ಬಟ್ಟೆಚೂರಿಗೆ ಹವಾಲ್ದಾರರು ಚಿಂದಿ ಎನ್ನುತ್ತಿದ್ದರು.

ನಿಜವಾದ ಗುಂಡು ಹಾರಿಸಲು ಸಿಕ್ಕಿದ್ದು ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ. ತಲೆಗೆ ಐದು ಗುಂಡು. ಹಾರಿಸುವುದು ಐದು ನಿಮಿಷದ ಕೆಲಸ. ಆಮೇಲೆ ಹುಲ್ಲಿನಲ್ಲಿ ಮಂಡಿಯೂರಿ ಖಾಲಿ ಕೊಳವೆ, ಅಂದರೆ ಖೋಕಾ, ಹುಡುಕುವುದು ಮುಕ್ಕಾಲು ಗಂಟೆಯ ಕೆಲಸ. ಕೊಟ್ಟ ಗುಂಡೆಷ್ಟೋ ಅಷ್ಟು ಖೋಕಾ ಲೆಕ್ಕಕ್ಕೆ ಸಿಗುವವರೆಗೆ ಯಾರಿಗೂ ಮನೆಯಿಲ್ಲ. ಈಗ ಯೋಚಿಸಿದರೆ, ಆ ತರಬೇತಿಯಲ್ಲಿ ಕಲಿತ ದೊಡ್ಡ ಪಾಠ ಅದೇ ಅನ್ನಿಸುತ್ತದೆ. ಹಾರಿದ ಪ್ರತಿ ಗುಂಡಿಗೂ ಯಾರೋ ಒಬ್ಬರು ಲೆಕ್ಕ ಕೊಡಬೇಕು.

ಈ ಬಂದೂಕಿನ ಮೇಲೆ ಹಳಬರಿಗೆ ಪ್ರೀತಿ ಜಾಸ್ತಿ. ಆದರೆ 1962ರ ಚಳಿಯಲ್ಲಿ ನಮ್ಮ ಜವಾನರು ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕಾದ ಇದನ್ನೇ ಹಿಡಿದು, ಸ್ವಯಂಚಾಲಿತ ಬಂದೂಕುಗಳ ಎದುರು ನಿಲ್ಲಬೇಕಾಯಿತು ಎಂಬುದನ್ನು ಪ್ರೀತಿಯ ಭರದಲ್ಲಿ ಮರೆಯಬಾರದು. ಆಮೇಲೆ ಸೈನ್ಯಕ್ಕೆ ಎಸ್‌ಎಲ್‌ಆರ್ ಬಂತು, ತೊಂಬತ್ತರ ದಶಕದಲ್ಲಿ ಇನ್ಸಾಸ್ ಬಂತು. ತ್ರೀ ನಾಟ್ ತ್ರೀ ಪೊಲೀಸು ಠಾಣೆಗಳಿಗೆ ಇಳಿಯಿತು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಅದಕ್ಕೆ ವಿದಾಯವನ್ನೇ ಹೇಳಿದರು.

ಇಷ್ಟೆಲ್ಲ ಬಂದೂಕಿನ ಹಿಡಿಯ ಕಡೆಯ ಕಥೆ. ನಮ್ಮ ಜಿಲ್ಲೆಯವರು ಬಾಯಿಯ ಕಡೆಯಿಂದಲೂ ಬಂದೂಕನ್ನು ಬಲ್ಲವರು. ಮಳವಳ್ಳಿಯ ಹತ್ತಿರ 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯವನ್ನು ಟಿಪ್ಪು ತಡೆದು ನಿಂತ. ಆಗಿನ ಕೋವಿಗಳ ನಳಿಗೆಯೊಳಗೆ ಸುರುಳಿ ಗೆರೆ ಇರಲಿಲ್ಲ, ನೂರು ಗಜ ದಾಟಿದರೆ ಗುರಿ ನಂಬುವಂತಿರಲಿಲ್ಲ. ಹಾಗಾಗಿ ಸಾಲುಗಟ್ಟಿ ನಿಂತು ಒಟ್ಟಿಗೇ ಹಾರಿಸುತ್ತಿದ್ದರು. ಟಿಪ್ಪು ಹಿಂದೆ ಸರಿಯಬೇಕಾಯಿತು, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಮಳವಳ್ಳಿ ಸಂತೆಗೆ ಹೋಗಿ ಬರುವ ಎಷ್ಟು ಜನಕ್ಕೆ ಈ ಕಾಳಗ ಗೊತ್ತು?

ಶಿವಪುರ ಅದಕ್ಕಿಂತ ಹತ್ತಿರದ್ದು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಮದ್ದೂರಿನ ಮಗ್ಗುಲಲ್ಲೇ ಇರುವ ಈ ಊರಿನಲ್ಲಿ. ಬಾವುಟ ಹಾರಿಸಕೂಡದೆಂದು ಸರ್ಕಾರದ ಪ್ರತಿಬಂಧಕಾಜ್ಞೆ. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಆಜ್ಞೆ ಮೀರಿ ಬಾವುಟಕ್ಕೆ ಕೈ ಹಾಕಿದರು, ಬಂಧನವಾಯಿತು. ಒಬ್ಬರನ್ನು ಹಿಡಿದರೆ ಇನ್ನೊಬ್ಬರು ಮುಂದೆ ಬಂದರು. ಸುತ್ತಮುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದು ನೆರೆದಿದ್ದರು. ಅವರ ಕೈಯಲ್ಲಿದ್ದದ್ದು ಬಟ್ಟೆ ಕಟ್ಟಿದ ಕೋಲು, ಅಷ್ಟೆ. ಅಲ್ಲಿ ಗುಂಡು ಹಾರಲಿಲ್ಲ. ಎರಡು ವಾರದ ಮೇಲೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಹಾರಿತು. ಸತ್ತವರ ಸಂಖ್ಯೆ ಸರ್ಕಾರದ್ದೊಂದು, ಜನರದ್ದೊಂದು. ಖೋಕಾ ಎಣಿಸುವಷ್ಟು ಶಿಸ್ತಾಗಿ ಹೆಣ ಎಣಿಸಲಿಲ್ಲ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿ, ಕಾಂಗ್ರೆಸ್ ಬಾವುಟ, ಮೈಸೂರು ಬಾವುಟ ಎರಡೂ ಜೊತೆಗೆ ಹಾರಬಹುದೆಂದಾಯಿತು.

ಇಂದು ಶಿವಪುರದಲ್ಲಿ ಸತ್ಯಾಗ್ರಹ ಸೌಧವಿದೆ. ಮದ್ದೂರಿನಲ್ಲಿ ವಡೆಗೆಂದು ಕಾರು ನಿಲ್ಲಿಸುವವರಲ್ಲಿ ನೂರಕ್ಕೆ ಒಬ್ಬರಾದರೂ ಅಲ್ಲಿಗೆ ಹೋಗುತ್ತಾರೋ ಇಲ್ಲವೋ. ವಡೆಯ ಮೇಲೆ ನನಗೆ ದ್ವೇಷವಿಲ್ಲ.

ದೇಶಭಕ್ತಿ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಬಂದೂಕು ಹಿಡಿದವನ ಚಿತ್ರ. ಅದನ್ನು ತಪ್ಪೆನ್ನಲಾರೆ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಸತ್ತರಲ್ಲ, ಅವರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಅವರ ದೇಹ ಊರಿಗೆ ಬಂದ ದಿನ ದಾರಿಯುದ್ದಕ್ಕೂ ನಿಂತ ಜನವನ್ನು ನೋಡಿದವರು ಮರೆಯಲಾರರು. ಯೋಧನನ್ನು ಬೀಳ್ಕೊಡುವಾಗ ‘ಶೋಕ್ ಶಸ್ತ್ರ’ ಎಂಬ ಆಜ್ಞೆಯಾಗುತ್ತದೆ. ಆಗ ಬಂದೂಕು ತಲೆಕೆಳಗಾಗಿ ಅದರ ಬಾಯಿ ನೆಲ ನೋಡುತ್ತದೆ, ಹಿಡಿದವನು ತಲೆ ತಗ್ಗಿಸುತ್ತಾನೆ. ಆಮೇಲೆ ಕುಶಾಲತೋಪು. ಆ ತೋಟಾದಲ್ಲಿ ಮದ್ದಿರುತ್ತದೆ, ಗುಂಡಿರುವುದಿಲ್ಲ. ಎದುರಿಗೆ ಹೋಗುವ ಭಾರವಿಲ್ಲದ ಕಾರಣ ಹೆಗಲಿಗೆ ಒದೆತವೂ ಹೆಚ್ಚಿಲ್ಲ, ಶಬ್ದ ಮಾತ್ರ.

ಹೀಗೆ ಸತ್ತವರೆಲ್ಲರನ್ನೂ ನಾವು ಯೋಧ ಎನ್ನುತ್ತೇವೆ, ಅದು ಸರಿಯೇ. ಆದರೆ ಸೈನ್ಯ ರಕ್ಷಣಾ ಇಲಾಖೆಯದು, ಸಿಆರ್‌ಪಿಎಫ್ ಗೃಹ ಇಲಾಖೆಯದು. 2004ರಿಂದೀಚೆಗೆ ಸೇರಿದವರ ಪಿಂಚಣಿಯ ನಿಯಮವೂ ಇಬ್ಬರಿಗೂ ಒಂದೇ ಅಲ್ಲ. ಕುಶಾಲತೋಪಿನ ಶಬ್ದದಲ್ಲಿ ಈ ವ್ಯತ್ಯಾಸ ಕೇಳಿಸುವುದಿಲ್ಲ.

ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಬೆಳಗಿನ ಜಾವ ಓಡುವ ಹುಡುಗರನ್ನು ನೋಡುತ್ತೀರಿ. ಒಂದು ಸಾವಿರದ ಆರುನೂರು ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಅಗ್ನಿವೀರರ ಆಯ್ಕೆಗೆ 2023ರಿಂದ ಓಟಕ್ಕೆ ಮೊದಲು ಪರೀಕ್ಷೆ, ಅದರಲ್ಲಿ ಸಾಮಾನ್ಯ ವಿಜ್ಞಾನದ ಪ್ರಶ್ನೆಗಳೂ ಉಂಟು. ಆ ನೆಪದಲ್ಲಿ ಹಳೆಯ ವಿದ್ಯಾರ್ಥಿಗಳು ಸಂಜೆ ನಮ್ಮ ಮನೆಗೆ ಬರುತ್ತಾರೆ. ನಾಲ್ಕು ವರ್ಷದ ನೌಕರಿ, ನೂರಕ್ಕೆ ಹೆಚ್ಚೆಂದರೆ 25 ಜನ ಮುಂದುವರಿಯಬಹುದು, ಉಳಿದವರು ಸುಮಾರು 11.7 ಲಕ್ಷ ರೂಪಾಯಿ ತೆಗೆದುಕೊಂಡು ಊರಿಗೆ. ಕಬ್ಬಿನ ಬಿಲ್ಲಿಗೆ ಕಾದು ಕಾದು ಸೋತ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಇಪ್ಪತ್ತೈದಕ್ಕೆ ಮೊದಲೇ ಮಾಜಿ ಸೈನಿಕನಾಗಿ ಬರುವ ಹುಡುಗ ಆಮೇಲೆ ಏನು ಮಾಡಬೇಕೆಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಕೇಳಿದವರಿಗೆ ಹೋಗು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಲೆಕ್ಕ ಪೂರ್ತಿ ಬಿಡಿಸಿ ತೋರಿಸುತ್ತೇನೆ.

ಹೋದ ವರ್ಷ ಅವರಲ್ಲಿ ನಾಲ್ಕೈದು ಜನರನ್ನು ಶಿವಪುರಕ್ಕೆ ಕರೆದುಕೊಂಡು ಹೋಗಿದ್ದೆ. ಸಾಮಾನ್ಯ ಜ್ಞಾನಕ್ಕೆ ಬರುತ್ತದೆ ಎಂದು ಆಸೆ ಹುಟ್ಟಿಸಿದ ಮೇಲೆ ಬಂದರು. ಸೌಧದ ಮುಂದೆ ನಿಂತು ಕಥೆ ಹೇಳಿದೆ. ವಿದುರಾಶ್ವತ್ಥದ ತನಕ ಹೇಳಿ ಮುಗಿಸಿದಾಗ, ಪೊಲೀಸು ಕಾನ್‌ಸ್ಟೆಬಲ್ ಪರೀಕ್ಷೆಗೂ ಅರ್ಜಿ ಹಾಕಿದ್ದ ಹುಡುಗನೊಬ್ಬ ಕೇಳಿದ:

“ಸಾ, ಗುಂಡು ಹಾರ್ಸಿದ್ ಪೊಲೀಸ್ರು ಬಿಳೀರಾ?”

“ಇಲ್ಲಪ್ಪ, ಮೈಸೂರು ಸಂಸ್ಥಾನದ ಪೊಲೀಸರು.”

“ಅಂದ್ರೆ ನಮ್ಮೋರೇ?”

“ನಮ್ಮವರೇ.”

ಅವನು ಮತ್ತೆ ಏನೂ ಕೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆಯವರೆಲ್ಲ ಓಟದ ಸಮಯದ ಬಗ್ಗೆ ಮಾತಾಡುತ್ತಿದ್ದರು, ಅವನು ಕಿಟಕಿಯ ಕಡೆ ಕೂತಿದ್ದ. ಎರಡೂ ಪರೀಕ್ಷೆ ಬರೆದಿದ್ದಾನೆ. ಫಲಿತಾಂಶ ಇನ್ನೂ ಬಂದಿಲ್ಲ.