ಟ್ಯಾಂಕ್‌ನಲ್ಲಿ ಕೊನೆಯ ಅರ್ಧ ಗಂಟೆ: ವಿಮಾನ ಬೇರೆಡೆ ಇಳಿಸಿದರೆ ಪೈಲಟ್ ತಪ್ಪೇ?

2025ರ ಜೂನ್ 19ರಂದು ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ಇಂಡಿಗೋ ವಿಮಾನ ರಾತ್ರಿ ಬಂದಿಳಿದದ್ದು ಬೆಂಗಳೂರಿನಲ್ಲಿ. ಚೆನ್ನೈನಲ್ಲಿ ಇಳಿಯಲಾಗದೆ ಬೆಂಗಳೂರಿನತ್ತ ತಿರುಗಿದ್ದ ಕ್ಯಾಪ್ಟನ್, ಇಂಧನ ಕಡಿಮೆಯಾಗಿದೆ ಎಂದು ದಾರಿಯಲ್ಲಿ ‘ಮೇಡೇ’ ಘೋಷಿಸಿದ್ದರು. ಪ್ರಯಾಣಿಕರೆಲ್ಲ ಸುರಕ್ಷಿತವಾಗಿ ಇಳಿದರು. ಬಳಿಕ ಇಬ್ಬರೂ ಪೈಲಟ್‌ಗಳನ್ನು ಕರ್ತವ್ಯದಿಂದ ದೂರ ಇಡಲಾಗಿದೆ ಎಂದು ವರದಿಯಾಯಿತು. ಅಹಮದಾಬಾದ್ ದುರಂತ ನಡೆದು ಆಗಿನ್ನೂ ಒಂದು ವಾರವಾಗಿತ್ತು, ಜನರಲ್ಲಿ ಆತಂಕ ಸಹಜವೇ. ಆದರೆ ಇಂಧನದ ಮೇಡೇ ಎಂದರೆ ಟ್ಯಾಂಕ್ ಖಾಲಿಯಾಗಿದೆ ಎಂದರ್ಥವಲ್ಲ.

ಇಂಧನದ ಲೆಕ್ಕ ಹೇಗೆ?

ಗಮ್ಯಸ್ಥಾನ ತಲುಪಲು ಬೇಕಾದಷ್ಟು, ಅನಿರೀಕ್ಷಿತ ಖರ್ಚಿಗೆ ಸಾಮಾನ್ಯವಾಗಿ ಅದರ ಶೇ. 5ರಷ್ಟು, ಅಲ್ಲಿ ಇಳಿಯಲಾಗದಿದ್ದರೆ ಪರ್ಯಾಯ ನಿಲ್ದಾಣ ತಲುಪಲು ಬೇಕಾದಷ್ಟು ಇಂಧನ ತುಂಬಬೇಕು. ಇದೆಲ್ಲದರ ಮೇಲೆ, 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತು ಹಾಕುವಷ್ಟು ಅಂತಿಮ ಮೀಸಲು ಇರಬೇಕು. ಈ ಕೊನೆಯ ಅರ್ಧ ಗಂಟೆಯ ಇಂಧನವನ್ನು ಮುಟ್ಟದೆ ಇಳಿಯಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಇಳಿಯುವ ಹೊತ್ತಿಗೆ ಮೀಸಲು ಕರಗಲಿದೆ ಎಂದು ಲೆಕ್ಕ ಹೇಳಿದ ಕೂಡಲೇ ಪೈಲಟ್ ಮೇಡೇ ಘೋಷಿಸಬೇಕು. ಆಗ ಎಟಿಸಿ ಉಳಿದ ವಿಮಾನಗಳನ್ನು ಬದಿಗೆ ಸರಿಸಿ ದಾರಿ ಬಿಡಿಸುತ್ತದೆ.

ಹಾಗಾದರೆ ಮೊದಲೇ ಹೆಚ್ಚು ತುಂಬಿಕೊಳ್ಳಬಹುದಲ್ಲ? ತುಂಬಬಹುದು, ಕ್ಯಾಪ್ಟನ್‌ಗೆ ಆ ಅಧಿಕಾರವಿದೆ. ಎ320 ಬಗೆಯ ವಿಮಾನಕ್ಕೆ ಒಂದು ಟನ್ ಹೆಚ್ಚುವರಿ ಇಂಧನದಿಂದ ಸುಮಾರು 25 ನಿಮಿಷ ಸಿಗುತ್ತದೆ. ಆದರೆ ಭಾರ ಹೊರುವುದಕ್ಕೂ ಇಂಧನ ಬೇಕು. ಹೆಚ್ಚುವರಿ ತೂಕದ ಶೇ. 3ರಿಂದ 4ರಷ್ಟು ಪ್ರತಿ ಗಂಟೆಗೆ ಉರಿದುಹೋಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಒಂದು ಟನ್ ಹೊತ್ತೊಯ್ದರೆ ಹತ್ತಿರ ಹತ್ತಿರ 100 ಕೆ.ಜಿ. ಅದನ್ನು ಹೊರುವುದಕ್ಕೇ ಖರ್ಚು. ಇಂಧನವೇ ದೊಡ್ಡ ವೆಚ್ಚವಾಗಿರುವ ಕಂಪನಿಗಳಿಗೆ ದಿನಕ್ಕೆ ನೂರಾರು ಹಾರಾಟಗಳಲ್ಲಿ ಇದು ಸಣ್ಣ ಮೊತ್ತವಲ್ಲ.

ಹಾಗೆಂದು ನಿಯಮದಷ್ಟು ತುಂಬಿದರೆ ಸಾಕು ಎನ್ನುವಂತಿಲ್ಲ. 2012ರ ಜುಲೈನಲ್ಲಿ ಮ್ಯಾಡ್ರಿಡ್‌ನಲ್ಲಿ ಗುಡುಗು ಮಳೆಯಾದಾಗ ರಯಾನ್‌ಏರ್‌ನ ಮೂರು ವಿಮಾನಗಳು ವೆಲೆನ್ಸಿಯಾಗೆ ತಿರುಗಿ ಮೇಡೇ ಘೋಷಿಸಿದವು. ಮೂರರಲ್ಲೂ ನಿಗದಿಗಿಂತ ಹೆಚ್ಚೇ ಇಂಧನವಿತ್ತು ಎಂದು ತನಿಖೆ ಹೇಳಿತು. ಆದರೆ ಒಂದು ನಿಲ್ದಾಣ ಮುಚ್ಚಿದಾಗ ಎಲ್ಲರೂ ಒಂದೇ ಪರ್ಯಾಯ ನಿಲ್ದಾಣಕ್ಕೆ ನುಗ್ಗುತ್ತಾರೆ. ಅಲ್ಲೂ ಸಾಲು ಹಚ್ಚಬೇಕು.

ತಡವಾದರೆ ಅಪಾಯ

2015ರ ಆಗಸ್ಟ್‌ನಲ್ಲಿ ದೋಹಾದಿಂದ ಕೊಚ್ಚಿಗೆ ಬಂದ ಜೆಟ್ ಏರ್‌ವೇಸ್ ವಿಮಾನ ಅಲ್ಲಿ ಮೂರು ಬಾರಿ ಪ್ರಯತ್ನಿಸಿ ವಿಫಲವಾದ ಮೇಲೆ ತಿರುವನಂತಪುರಕ್ಕೆ ಹೋಯಿತು. ಅಲ್ಲೂ ಮೊದಲ ಯತ್ನಗಳು ಕೈಗೂಡಲಿಲ್ಲ. ಕೊನೆಗೆ ಇಳಿದಾಗ ಅಂತಿಮ ಮೀಸಲೂ ಬಹುಪಾಲು ಕರಗಿತ್ತು. 1990ರಲ್ಲಿ ನ್ಯೂಯಾರ್ಕ್ ಬಳಿ ಅವಿಯಾಂಕಾ ವಿಮಾನ ಇಂಧನ ಮುಗಿದು ಬಿದ್ದು 73 ಮಂದಿ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಸಿಬ್ಬಂದಿ ಹೇಳಿದ್ದರು, ಆದರೆ ‘ತುರ್ತು ಪರಿಸ್ಥಿತಿ’ ಎಂದು ಘೋಷಿಸಿರಲಿಲ್ಲ. ಬೆಂಗಳೂರಿನಲ್ಲಿ ಆ ಮಾತು ಸಮಯಕ್ಕೆ ಬಂತು.

ತನಿಖೆ ಬೇಕೇ ಬೇಕು. ಬೆಂಗಳೂರಿನತ್ತ ತಿರುಗುವ ನಿರ್ಧಾರ ಇನ್ನಷ್ಟು ಬೇಗ ಆಗಬೇಕಿತ್ತೇ ಎಂಬುದು ತಿಳಿಯಬೇಕು. ತನಿಖೆ ಮುಗಿಯುವವರೆಗೆ ಪೈಲಟ್‌ಗಳನ್ನು ಹಾರಾಟದಿಂದ ಹೊರಗಿಡುವುದೂ ಹೊಸದೇನಲ್ಲ. ಆದರೆ ಅದು ಶಿಕ್ಷೆಯಂತೆ ಕಂಡರೆ, ಮುಂದಿನ ಕ್ಯಾಪ್ಟನ್ ಮೇಡೇ ಹೇಳಲು ಒಂದು ನಿಮಿಷ ಹಿಂಜರಿಯಬಹುದು. ಆ ನಿಮಿಷವೇ ದುಬಾರಿ.

ಪ್ರಯಾಣಿಕರ ಸಿಟ್ಟಿಗೂ ಕಾರಣವಿದೆ. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದಾಗಿ ಗೋವಾ-ದೆಹಲಿ ವಿಮಾನ ಮುಂಬೈನಲ್ಲಿ ಇಳಿದಾಗ ಪ್ರಯಾಣಿಕರು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಊಟ ಮಾಡಿದರು. ಇಂಡಿಗೋಗೆ 1.20 ಕೋಟಿ ರೂ. ದಂಡ ಬಿತ್ತು. ಅಲ್ಲಿ ಸೋತದ್ದು ನೆಲದ ಮೇಲಿನ ವ್ಯವಸ್ಥೆಯೇ ಹೊರತು ಮುಂಬೈಗೆ ತಿರುಗಿದ ನಿರ್ಧಾರವಲ್ಲ. ಮಳೆಗಾಲದ ಕೊಚ್ಚಿ, ಮುಂಬೈಗೂ ಚಳಿಗಾಲದ ದೆಹಲಿಗೂ ಹಾರುವವರಿಗೆ ಬೇಕಿರುವುದು ಎರಡು: ಒಂದು ಟನ್ ಹೆಚ್ಚು ತುಂಬಿದ್ದಕ್ಕೆ ಸಮಜಾಯಿಷಿ ಕೊಡಬೇಕಿಲ್ಲದ ಪೈಲಟ್, ಮತ್ತು ಬೇರೆ ಊರಲ್ಲಿ ಇಳಿದಾಗ ನೀರು, ಊಟ, ಮಾಹಿತಿ ಕೊಡುವ ಕಂಪನಿ.