ಬೇಲಿ ಹಣ್ಣಿಗೂ ಬಂತು ಕುತ್ತು!

ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ವಸ್ತಾರೆ ಸುತ್ತಿನ ಮಕ್ಕಳ ನಾಲಿಗೆ ನೀಲಿಯಾಗುತ್ತಿತ್ತು. ತಡವಾಗಿ ಬಂದ ಹುಡುಗ ಏನು ನೆವ ಹೇಳಿದರೂ ಮೇಷ್ಟ್ರು ನಂಬುತ್ತಿರಲಿಲ್ಲ. ‘ನಾಲಿಗೆ ತೋರ್ಸೋ’ ಎಂದರೆ ನೇರಳೆ ಮರ ಸಾಕ್ಷಿ ಹೇಳುತ್ತಿತ್ತು. ಅದಕ್ಕೂ ಮುಂಚೆ, ಬೇಸಿಗೆ ರಜದಲ್ಲಿ, ಬೇಲಿಯ ಕೌಳಿ ಹಣ್ಣು. ಕೈಗೆ ಮುಳ್ಳು, ತುಟಿಗೆ ಹಾಲಿನ ಅಂಟು. ಆದರೂ ಬಿಡುವವರಾರು?

ಈಗ ಚಿಕ್ಕಮಗಳೂರಿಂದ ಮೂಡಿಗೆರೆ ಬಸ್ಸು ಹತ್ತಿದವರು ಕಿಟಕಿಯಾಚೆ ನೋಡಲಿ. ಮುಳ್ಳುಗಿಡದ ಬೇಲಿ ಇದ್ದ ಕಡೆ ತಂತಿ ಬೇಲಿ, ಕಾಡುಮರ ಇದ್ದ ಕಡೆ ಸಾಲು ಸಾಲು ಸಿಲ್ವರ್ ಓಕ್. ಆಸ್ಟ್ರೇಲಿಯಾದಿಂದ ಬಂದ ಈ ಮರದಲ್ಲಿ ತಿನ್ನುವ ಹಣ್ಣಿಲ್ಲ.

ಬೆಳೆಗಾರರನ್ನೇ ದೂರಿ ಪ್ರಯೋಜನವಿಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. ಜೊತೆಗೆ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯ್ತಿ ಇದೆ. ಕಡಿಯಲು ಅರಣ್ಯ ಇಲಾಖೆ ಬಾಗಿಲು ಕಾಯಬೇಕಿಲ್ಲ. ಕಾಡುಮರ ಬೆಳೆಸಿದವನಿಗೆ ಅರ್ಜಿ, ಓಡಾಟ. ಪರದೇಶಿ ಮರ ನೆಟ್ಟವನು ನಿರಾಳ. ಮರ ಉಳಿಸಲು ಬಂದ ಕಾನೂನೇ ನೇರಳೆಗೆ ಮುಳುವಾಯಿತಲ್ಲ!

ಇನ್ನು ಉಳಿದಿರುವ ಹಣ್ಣಿನ ಗತಿ? ಕಾಫಿ ಎಲೆಯ ತುಕ್ಕು ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆಯುವುದು ಮಳೆಗೆ ಮುಂಚೆ. ಹಣ್ಣು ಮಾಗುವುದೂ ಅದೇ ಹೊತ್ತಿಗೆ. ಬೋರ್ಡೋ ಬಿದ್ದರೆ ನೀಲಿ ಕಲೆಯಾದರೂ ಕಾಣುತ್ತದೆ. ಬೇಲಿ ಬುಡಕ್ಕೆ ಹೊಡೆದ ಕಳೆನಾಶಕ ಮಗುವಿನ ಕಣ್ಣಿಗೆ ಕಾಣುತ್ತದೆಯೇ?

ಇದು ಬರೀ ಬಾಯಿ ಚಪಲದ ಮಾತಲ್ಲ. ಸಕ್ಕರೆ ಕಾಯಿಲೆಯವರ ಹಣ್ಣು ಅಂತ ಹೆಸರಾದ ಮೇಲೆ ನೇರಳೆ ಪೇಟೆಯ ತಕ್ಕಡಿ ಏರಿದೆ. ಕೊಳ್ಳುವವರು ಕೊಳ್ಳಲಿ, ಮಾರುವವರಿಗೂ ನಾಲ್ಕು ಕಾಸಾಗಲಿ. ಆದರೆ ತೋಟದ ಲೈನ್ ಮನೆ ಮಕ್ಕಳು? ಕಾಸಿಲ್ಲದೆ ಅವರಿಗೆ ಸಿಗುತ್ತಿದ್ದ ಹಣ್ಣು ಅಂದರೆ ಬೇಲಿ ಹಣ್ಣೇ. ಬೇಲಿಯಲ್ಲಿ ಸಿಗದಿದ್ದರೆ ಅವರು ಕಾಡಿನೊಳಕ್ಕೆ ನುಗ್ಗುತ್ತಾರೆ. ಅಲ್ಲಿ ಆನೆ ಭಯ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 2024ರಲ್ಲಿ ಈ ಜಿಲ್ಲೆಯಲ್ಲೂ ಕಾಣಿಸಿಕೊಂಡಿದ್ದನ್ನು ಮರೆಯುವಂತಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಔಷಧಿ ಹೊಡೆದ ಬೇಲಿಗೆ ತೋಟದವರು ಒಂದು ಕೆಂಪು ಬಟ್ಟೆ ಕಟ್ಟಲಿ. ದಾರಿ ಬದಿಯ ನಾಲ್ಕು ಕೌಳಿ ಗಿಡಕ್ಕೆ ಕತ್ತಿ ಹಾಕದಿರಲಿ. ಪಂಚಾಯ್ತಿಯವರು ಶಾಲೆ ಬಯಲಲ್ಲಿ, ಬಸ್ ಸ್ಟ್ಯಾಂಡ್ ಬಳಿ ನೇರಳೆ, ನೆಲ್ಲಿ ನೆಡಲಿ. ನೆಟ್ಟು ಫೋಟೋ ತೆಗೆಸಿಕೊಂಡು ಹೋಗದೆ ನೀರೂ ಹಾಕಲಿ. ಲಂಟಾನದ ಹಸಿರು ಕಾಯಿ ವಿಷ, ಗುರುತು ಸಿಗದ ಹಣ್ಣು ಬಾಯಿಗಿಡಬೇಡ ಎಂದು ಮೇಷ್ಟ್ರು ಪಾಠದ ನಡುವೆ ಒಂದು ಮಾತು ಹೇಳಲಿ. ಯಾವ ಹಣ್ಣು ತಿನ್ನಬಹುದು ಎಂದು ತೋರಿಸಲು ಮನೆಯ ಅಜ್ಜಿಯರಿದ್ದಾರೆ. ಅವರು ಇರುವಾಗಲೇ ಮಕ್ಕಳು ಕೇಳಿ ಕಲಿಯಲಿ.

ನೀಲಿ ನಾಲಿಗೆಯ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಲು ಮೇಷ್ಟ್ರು ಈಗಲೂ ಇದ್ದಾರೆ. ನೇರಳೆ ಮರ ಎಲ್ಲಿದೆ ಸ್ವಾಮಿ?